ಗೆಳೆಯನಿಗೊಂದು ಪತ್ರ: ನಿಂತು ರಿಪೇರಿ ಮಾಡ್ಕೊಳ್ಳೋ ಯೀಸ್ಟ್

ಲೋ ಗೆಳೆಯಾ,

ಮೊನ್ನೆ ಫೋನಲ್ಲಿ "ಬನ್ ಉಬ್ಬಿಸೋ ಯೀಸ್ಟಿಗೂ ಕ್ಯಾನ್ಸರಿಗೂ ಎತ್ತಣಿಂದೆತ್ತ ಸಂಬಂಧ" ಅಂದ್ಯಲ್ಲ, ಆಗ ಬಸ್ಸಲ್ಲಿದ್ದೆ, ಗಲಾಟೆಲಿ ಸರಿಯಾಗಿ ಹೇಳಕ್ಕಾಗ್ಲಿಲ್ಲ, ಅದಕ್ಕೆ ಈಗ ಕೂತು ಬರೀತಿದೀನಿ, ಬೇರೆಯವರೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ.

ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಲಿ ಟೆಡ್ ವೈನರ್ಟ್, ಲೀಲ್ಯಾಂಡ್ ಹಾರ್ಟ್‌ವೆಲ್ ಅಂತ ಇಬ್ರು ಇದೇ ಬನ್ನಿನ ಯೀಸ್ಟಿಗೆ ಎಕ್ಸ್-ರೇ ಬಿಟ್ಟು ನೋಡಿದ್ರು, 1988ರಲ್ಲಿ ಪೇಪರ್ ಬಂತು. ಎಕ್ಸ್-ರೇ ಬಿದ್ರೆ ಡಿಎನ್ಎ ತುಂಡಾಗತ್ತೆ. ಈ ಯೀಸ್ಟ್ ಮೊಗ್ಗು ಬಿಟ್ಟು ಮರಿ ಮಾಡತ್ತೆ, ಮೊಗ್ಗು ಹೆಚ್ಚುಕಮ್ಮಿ ತಾಯಿ ಸೈಜಿಗೆ ಬಂದು ಇನ್ನೂ ಅಂಟ್ಕೊಂಡಿರೋ ಹಂತ ಒಂದಿದೆ ನೋಡು, ಏಟು ಬಿದ್ದ ಕೋಶ ಅಲ್ಲೇ ನಿಂತ್ಬಿಡತ್ತೆ, ರಿಪೇರಿ ಮುಗಿಸ್ಕೊಂಡೇ ಮುಂದಕ್ಕೆ ಹೋಗೋದು. ಆದ್ರೆ ರಾಡ್9 ಅನ್ನೋ ಜೀನ್ ಕೆಟ್ಟಿರೋ ಕೋಶ ನಿಲ್ಲಲ್ಲ, ಮುರಿದ ಕ್ರೋಮೋಸೋಮ್ ಇಟ್ಕೊಂಡೇ ಎರಡಾಗತ್ತೆ, ನಾಲ್ಕಾಗತ್ತೆ, ಕೊನೆಗೆ ಸತ್ತೋಗತ್ತೆ.

ಇಷ್ಟು ಕೇಳಿದ್ರೆ ಯಾರಾದ್ರೂ ರಿಪೇರಿ ಮಾಡೋ ಜೀನೇ ಕೆಟ್ಟಿದೆ ಅಂದ್ಕೊಳ್ತಾರೆ. ಅವರು ಮುಂದೆ ಮಾಡಿದ್ದು ಓದಿ ನಾನು ಒಂದು ರಾತ್ರಿ ನಿದ್ದೆ ಮಾಡಿಲ್ಲ ಕಣೋ. ಎಂಬಿಸಿ ಅಂತ ಒಂದು ಔಷಧಿ, ಅದು ಕ್ರೋಮೋಸೋಮ್ ಎಳೆಯೋ ಎಳೆಗಳನ್ನ ಕಟ್ಟಕ್ಕೇ ಬಿಡಲ್ಲ, ಹಂಗಾಗಿ ಕೋಶ ಬೇಕೋ ಬೇಡ್ವೋ ನಿಲ್ಲಲೇಬೇಕು, ರಾಡ್9 ಇಲ್ಲದ ಕೋಶಗಳನ್ನ ಅದ್ರಲ್ಲಿ ಕೆಲವು ಗಂಟೆ ಬಲವಂತವಾಗಿ ನಿಲ್ಸಿ ಆಮೇಲೆ ಬಿಟ್ರು. ಬಹಳಷ್ಟು ಬದುಕ್ಕೊಂಡ್ವು! ರಿಪೇರಿ ಸಾಮಾನೆಲ್ಲ ಮೊದಲಿಂದ್ಲೂ ಅದರ ಹತ್ರಾನೇ ಇತ್ತು, ಟೈಮ್ ಸಿಕ್ಕಿರ್ಲಿಲ್ಲ. ಮಾರನೇ ವರ್ಷ ಹೀಗೆ ನಿಲ್ಸಿ ಎಲ್ಲ ಸರಿಯಿದ್ಯಾ ನೋಡೋ ವ್ಯವಸ್ಥೆನೇ ಚೆಕ್‌ಪಾಯಿಂಟ್ ಅಂತ ವಿವರಿಸಿ ಬರೆದ್ರು, 2001ರಲ್ಲಿ ಹಾರ್ಟ್‌ವೆಲ್‌ಗೆ ಟಿಮ್ ಹಂಟ್, ಪಾಲ್ ನರ್ಸ್ ಜೊತೆ ನೊಬೆಲ್ ಬಂತು.

ಅಲ್ಲೇ ಯಾಕೆ ನಿಲ್ಬೇಕು ಅಂದ್ರೆ, ಆ ಹೊತ್ತಿಗೆ ಪ್ರತಿ ಕ್ರೋಮೋಸೋಮಿಗೂ ಒಂದು ಕಾಪಿ ಪಕ್ಕದಲ್ಲೇ ಇರತ್ತೆ, ತುಂಡಾಗಿರೋದನ್ನ ಅದನ್ನ ನೋಡ್ಕೊಂಡು ಸರಿ ಮಾಡ್ಬಹುದು, ಬೇರೆ ಬೇರೆ ಆಗೋದ್ರೆ ಆ ಅವಕಾಶ ಹೋಯ್ತು. ಮುರಿದ ಜಾಗದಲ್ಲಿ ಒಂಟಿ ಎಳೆ ಡಿಎನ್ಎ ಕಂಡ್ರೆ ಮೆಕ್1 ಅನ್ನೋ ಪ್ರೋಟೀನ್ ಎಚ್ಚರ ಆಗತ್ತೆ, ರಾಡ್9 ಜೀನಿನ ಪ್ರೋಟೀನ್ ಮೂಲಕ ರಾಡ್53 ಅನ್ನೋ ಇನ್ನೊಂದು ಪ್ರೋಟೀನನ್ನ ಎಬ್ಬಿಸತ್ತೆ, ಇನ್ನೊಂದು ಕಡೆಯಿಂದ ಪಿಡಿಎಸ್1 ಅನ್ನೋ ಪ್ರೋಟೀನನ್ನ ಕರಗದ ಹಾಗೆ ಕಾಯತ್ತೆ, ಅದು ಇರೋವರ್ಗೂ ಕ್ರೋಮೋಸೋಮೂ ಅದರ ಕಾಪಿನೂ ಬೇರೆ ಆಗಲ್ಲ. ರಿಪೇರಿಗೆ ಬೇಕಾದ ಡಿಎನ್ಎ ಕಚ್ಚಾ ಮಾಲನ್ನೂ ಜಾಸ್ತಿ ಮಾಡಿಸತ್ತೆ.

ಈಗ ನಿನ್ನ ಪ್ರಶ್ನೆ. ಮೆಕ್1 ಥರದ್ದೇ ಎಟಿಆರ್ ಅನ್ನೋ ಪ್ರೋಟೀನ್ ನಮ್ಮಲ್ಲಿದೆ, ಅದರ ನೆಂಟ ಎಟಿಎಂ ಜೀನಿನ ಎರಡೂ ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಿಗೆ ನಡಿಗೆ ತಪ್ಪತ್ತೆ, ರೇಡಿಯೇಷನ್ ತಡ್ಕೊಳಕ್ಕಾಗಲ್ಲ, ಕ್ಯಾನ್ಸರ್ ಅಪಾಯ ಜಾಸ್ತಿ. ನಿಲ್ಸೋರೇ ಇಲ್ದೆ ಮುರಿದ ಡಿಎನ್ಎ ಇಟ್ಕೊಂಡೇ ಕೋಶ ಹೆಚ್ಚಾಗ್ತಾ ಹೋಗೋದು, ಇದೇ ಕಣೋ ಸಂಬಂಧ.

ಇನ್ನೊಂದು. ರಿಪೇರಿ ಆಗ್ಲೇ ಇಲ್ಲ ಅಂದ್ರೆ ಯೀಸ್ಟ್ ಕಾಯ್ತಾನೇ ಕೂರಲ್ಲ, ಎಷ್ಟೋ ಗಂಟೆ ಕಾದು ಆಮೇಲೆ ಮುರಿದಿದ್ದನ್ನ ಇಟ್ಕೊಂಡೇ ಹೊರಟುಬಿಡತ್ತೆ, ಅದಕ್ಕೆ ಸಿಡಿಸಿ5 ಅಂತ ಬೇರೆ ಜೀನ್ ಬೇಕು. ಅದು ಯಾಕೆ ಹಂಗೆ ಮಾಡತ್ತೆ ಅಂತ ನಾನು ದಿನಾ ಯೋಚಿಸ್ತೀನಿ, ಊರಿಗೆ ಬಂದಾಗ ಮಾತಾಡೋಣ, ಅಮ್ಮಂಗೆ ಕೇಳ್ದೆ ಅಂತ ಹೇಳು.