ಹೂಳಿನಲ್ಲಿ ಸಿಕ್ಕ ಶಾಸನವನ್ನು ತೊಳೆಯುವ ಮುಂಚೆ

ಮಾನ್ಯ ಸಂಪಾದಕರೆ,

ಬೇಸಿಗೆಯಲ್ಲಿ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಕೆರೆ ಹೂಳೆತ್ತುವಾಗ ವೀರಗಲ್ಲು, ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು), ಒಡೆದ ಶಾಸನಗಳು ಮೇಲೆ ಬರುತ್ತವೆ. ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿದ ಅಕ್ಷರ ಮೇಲೆ ಬಂದ ಒಂದೇ ವಾರದಲ್ಲಿ ಅಳಿಸಿಹೋಗುವುದುಂಟು.

ಈ ವಿಷಯದಲ್ಲಿ ಪೂರ್ವ ಯುರೋಪಿನ ಯಹೂದಿ ಸಮಾಧಿಗಲ್ಲುಗಳ ದಾಖಲಾತಿಯಿಂದ ಕಲಿಯುವುದು ಬಹಳಿದೆ. ಎರಡನೇ ಮಹಾಯುದ್ಧದಲ್ಲೂ ಆಮೇಲೂ ಅಲ್ಲಿನ ಸ್ಮಶಾನದ ಕಲ್ಲುಗಳನ್ನು ಕಿತ್ತು ರಸ್ತೆಗೆ, ಅಡಿಪಾಯಕ್ಕೆ ಹಾಕಿದರು. ಬೆಲಾರೂಸಿನ ಬ್ರೆಸ್ಟ್ ನಗರವೊಂದರಲ್ಲೇ ಸಾವಿರಕ್ಕೂ ಹೆಚ್ಚು ತುಂಡುಗಳು ಮರಳಿ ಸಿಕ್ಕಿವೆ. ಒಂದೇ ಕಲ್ಲಿನ ಚೂರುಗಳು ಬೇರೆ ಬೇರೆ ಅಂಗಳದಲ್ಲಿ ಸಿಗಬಹುದು. ಹಾಗಾಗಿ ಪ್ರತಿ ತುಂಡಿಗೂ ಸಂಖ್ಯೆ, ಸಿಕ್ಕ ಜಾಗ, ಉದ್ದ-ಅಗಲ-ದಪ್ಪ, ಮುರಿದ ಅಂಚಿನ ಚಿತ್ರ ಇವಿಷ್ಟೂ ಇರಲೇಬೇಕು.

ಯಹೂದಿಗಳ ಹೀಬ್ರೂ ಲಿಪಿಯ ಕಲ್ಲುಗಳಲ್ಲಿ ವರ್ಷವನ್ನು ಅಕ್ಷರಗಳಲ್ಲೇ ಬರೆಯುತ್ತಾರೆ, ಒಂದೊಂದು ಅಕ್ಷರಕ್ಕೂ ಒಂದು ಅಂಕಿಯ ಬೆಲೆಯಿದೆ, ಸಾಮಾನ್ಯವಾಗಿ ಸಾವಿರದ ಸ್ಥಾನವನ್ನು ಬಿಡುತ್ತಾರೆ. ತಾವ್, ರೇಶ್, ಪೇ, ಹೇ ಎಂದರೆ 400, 200, 80, 5, ಒಟ್ಟು 685. ಇದಕ್ಕೆ 1240 ಕೂಡಿಸಿದರೆ ನಮ್ಮ ಇಸವಿ 1925. ಅವರ ವರ್ಷ ಶರತ್ಕಾಲದಲ್ಲಿ ಶುರುವಾಗುವುದರಿಂದ ಮೊದಲ ಮೂರ್ನಾಲ್ಕು ತಿಂಗಳ ಸಾವಾದರೆ 1924 ಎಂದು ಹಿಡಿಯಬೇಕು. ಕೊನೆಯ ಹೇ ಸ್ವಲ್ಪ ಸವೆದು ಅದನ್ನು ಖೇತ್ ಎಂದು ಓದಿದರೆ 5ರ ಬದಲು 8 ಆಗಿ, ಸತ್ತವರ ವರ್ಷವೇ ಮೂರು ವರ್ಷ ಸರಿದುಬಿಡುತ್ತದೆ. ನಮ್ಮ ಶಾಸನಗಳಲ್ಲಿ ಮ, ವ ಅಕ್ಷರಗಳು ಇದೇ ರೀತಿ ಮೋಸ ಮಾಡುತ್ತವೆ. ಇಸವಿ ತಿಳಿಯಲು ಶಕವರ್ಷಕ್ಕೆ 78, ಚಾಲುಕ್ಯ ವಿಕ್ರಮ ವರ್ಷಕ್ಕೆ (ಆರನೇ ವಿಕ್ರಮಾದಿತ್ಯ ಆರಂಭಿಸಿದ ಎಣಿಕೆ) 1075 ಕೂಡಿಸಿ, ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡುವುದು ಅದಕ್ಕೇ. ಹೋದ ಅಕ್ಷರವನ್ನು ಊಹಿಸಿ ತುಂಬುವುದಾದರೆ ಅದು ಚೌಕ ಕಂಸದೊಳಗೇ ಇರಬೇಕು.

ಇನ್ನು ಸ್ವಚ್ಛತೆ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಇಲ್ಲೇ. ಈ ಭಾಗದ ಎಷ್ಟೋ ಶಾಸನಗಳು ಬಳಪದ ಕಲ್ಲಿನವು, ಉಗುರಿನಿಂದಲೂ ಗೀರು ಬೀಳುವಷ್ಟು ಮೆದು. ತಂತಿ ಬ್ರಷ್ಷು ಮಣ್ಣಿನ ಜೊತೆ ಅಕ್ಷರದ ಅಂಚನ್ನೂ ಕೆರೆದು ಹಾಕುತ್ತದೆ. ಆಸಿಡ್ ಯಾವ ಕಲ್ಲಿಗೂ ಬೇಡ. ಹೂಳಿನಿಂದ ತೆಗೆದ ಹಸಿ ಕಲ್ಲನ್ನು ಬಿಸಿಲಿಗೆ ಹಾಕಿದರೆ ಒಳಗಿನ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ ಪದರು ಏಳುತ್ತದೆ. ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ನಿಧಾನಕ್ಕೆ ಆರಿಸಬೇಕು. ಆಮೇಲೆ ಮೆತ್ತನೆಯ ಬ್ರಷ್ಷು, ಬರೀ ನೀರು, ಅಕ್ಷರದ ಸಂದಿಗೆ ಬಿದಿರಿನ ಕಡ್ಡಿ. ಓದಲೆಂದು ಹಿಟ್ಟು, ಸುಣ್ಣದ ಪುಡಿ ತುಂಬಬಾರದು. ಹಿಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಓದುವುದಕ್ಕೆ ಬೆಳಕೇ ಸಾಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ತೀರಾ ಓರೆಯಾಗಿ ಹಿಡಿದರೆ ಸವೆದ ಗೆರೆಗಳೂ ನೆರಳಾಗಿ ಕಾಣುತ್ತವೆ. ಬೆಳಕಿಗೆ ಸಮಾನಾಂತರವಾದ ಗೆರೆ ಮಾತ್ರ ಕಾಣುವುದಿಲ್ಲ. ಅದಕ್ಕೆ ಎಡದಿಂದ, ಬಲದಿಂದ, ಮೇಲಿಂದ ಬೆಳಕು ಬಿಟ್ಟು ಬೇರೆ ಬೇರೆ ಫೋಟೊ ತೆಗೆಯಬೇಕು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ವೀರಗಲ್ಲಿನ ಬರಹ ಹೆಚ್ಚಾಗಿ ಚಿತ್ರಗಳ ನಡುವಿನ ಪಟ್ಟಿಗಳಲ್ಲಿರುತ್ತದೆ. ಒಂದೊಂದು ಪಟ್ಟಿಗೂ ಬೇರೆ ಚಿತ್ರ ಬೇಕು.

ಊರವರು ಪೂಜೆ ಮಾಡುವುದು ಸಹಜ. ಅರಿಶಿನ, ಕುಂಕುಮ, ಎಣ್ಣೆ ಕಲ್ಲಿನ ಬುಡದ ಎದುರಿಗೆ ಬೀಳಲಿ, ಅಕ್ಷರದ ಮೇಲೆ ಬೇಡ. ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ನಿಂತು ಕಲ್ಲಿನ ಸಿಪ್ಪೆ ಏಳುತ್ತದೆ. ಕಾಂಕ್ರೀಟಿನಲ್ಲಿ ಹೂತರೆ ಕೆಳಗಿನ ಸಾಲು ಮುಚ್ಚಿಹೋಗುವುದಲ್ಲದೆ ಸಿಮೆಂಟಿನ ಉಪ್ಪೂ ಕಲ್ಲಿಗೇರುತ್ತದೆ. ಒಂದರ ಮೇಲೊಂದು ಪೇರಿಸದೆ, ಮರದ ಪಟ್ಟಿಗಳ ಮೇಲೆ ತುಸು ಓರೆಯಾಗಿ ಆನಿಸಿಡುವುದು ಒಳ್ಳೆಯದು.

ಆದ್ದರಿಂದ ಜಿಲ್ಲಾ ಪಂಚಾಯತಿಗಳು ಹೂಳೆತ್ತುವ ಕಾಮಗಾರಿ ಆದೇಶದಲ್ಲೇ ಹೀಗೊಂದು ಷರತ್ತು ಸೇರಿಸಲಿ: ಕೆತ್ತಿದ ಕಲ್ಲು ಕಂಡ ಕೂಡಲೇ ಆ ಜಾಗದಲ್ಲಿ ಜೆಸಿಬಿ ನಿಲ್ಲಿಸಬೇಕು, ಮೊಬೈಲಿನಲ್ಲಿ ಸ್ಥಳಸಮೇತ ಫೋಟೊ ತೆಗೆದು ಅದೇ ದಿನ ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ಕಳಿಸಬೇಕು. ಓದಿಸಲು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ. ಕಲ್ಲನ್ನು ಎತ್ತುವಾಗ ಬಕೆಟ್ಟಿನ ಹಲ್ಲು ತಾಗಿಸದೆ, ಗೋಣಿ ಸುತ್ತಿ ಅಗಲವಾದ ಬಟ್ಟೆಯ ಬೆಲ್ಟಿನಲ್ಲಿ ಎತ್ತಲಿ.

— ಶಾಸನಾಸಕ್ತ ಓದುಗರು, ಧಾರವಾಡ