ಅಪಘಾತದಲ್ಲಿ ಹೋದ ಮೂಳೆ ಕಟ್ಟಿಸುವುದು ಸೌಂದರ್ಯ ಚಿಕಿತ್ಸೆಯೇ?

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಆರೋಗ್ಯ ವಿಮಾ ಕಂಪನಿ, ಬೆಂಗಳೂರು

ವಿಷಯ: ನನ್ನ ತಮ್ಮನ ಕಾಲಿನ ಎರಡನೇ ಆಪರೇಷನ್ನಿನ ಕ್ಲೇಮ್ ತಿರಸ್ಕರಿಸಿರುವ ಬಗ್ಗೆ

ಮಾನ್ಯರೇ,

ನಮ್ಮ ಫ್ಯಾಮಿಲಿ ಪಾಲಿಸಿಯಲ್ಲಿ ಹಾಕಿದ್ದ ಈ ಕ್ಲೇಮಿಗೆ ನೀವು ಕೊಟ್ಟ ಕಾರಣ ಒಂದೇ ಸಾಲು: ಇದು ಕಾಲು ಉದ್ದ ಮಾಡುವ ಚಿಕಿತ್ಸೆ, ಸೌಂದರ್ಯ ಚಿಕಿತ್ಸೆಗೆ ಸೇರುತ್ತದೆ, ಹಣ ಕೊಡಲಾಗುವುದಿಲ್ಲ. ಇದನ್ನು ಬರೆದವರು ಫೈಲಿನಲ್ಲಿರುವ ಎಕ್ಸ್‌ರೇ ನೋಡಿದ್ದಾರೆ ಅಂತ ನನಗೆ ಅನ್ನಿಸುತ್ತಿಲ್ಲ.

ತುಮಕೂರು ರಸ್ತೆಯಲ್ಲಿ ಲಾರಿ ಗುದ್ದಿ ತಮ್ಮನ ಎಡಗಾಲಿನ ಮಂಡಿ ಕೆಳಗಿನ ಮೂಳೆ ಪುಡಿಯಾಗಿ ಹೊರಗೆ ಬಂದಿತ್ತು. ಮೊದಲ ಆಪರೇಷನ್ನಿನಲ್ಲಿ ಗಾಯ ತೊಳೆದು, ಮಣ್ಣು ಹಿಡಿದ, ಜೀವವಿಲ್ಲದ ಚೂರುಗಳನ್ನೆಲ್ಲ ತೆಗೆದರು. ಮೀನಖಂಡದ ಮಾಂಸ ತಿರುಗಿಸಿ ಗಾಯ ಮುಚ್ಚಿದರು, ಅದರ ಮೇಲೆ ತೊಡೆಯ ಚರ್ಮ ಹೊದಿಸಿದರು. ಅದರ ಬಿಲ್ಲನ್ನು ನೀವು ತಕರಾರಿಲ್ಲದೆ ಕೊಟ್ಟಿರಿ, ಅದಕ್ಕೆ ಥ್ಯಾಂಕ್ಸ್. ಆದರೆ ಚೂರು ತೆಗೆದ ಮೇಲೆ ಅಲ್ಲಿ 6 ಸೆಂಟಿಮೀಟರ್ ಮೂಳೆಯೇ ಇರಲಿಲ್ಲ. ಅಷ್ಟು ದೊಡ್ಡ ಸಂದು ತಾನಾಗಿ ಕೂಡಿಕೊಳ್ಳುವುದಿಲ್ಲ.

ಎರಡನೇ ಆಪರೇಷನ್ ಮಾಡಿದ್ದು ಆ ಸಂದು ತುಂಬಿಸುವುದಕ್ಕೆ. ಕಾಲಿನ ಸುತ್ತ ಉಕ್ಕಿನ ರಿಂಗುಗಳನ್ನು ಕೂರಿಸಿ, ಮೂಳೆಯ ಒಳಗಿಂದ ಹಾಯುವ ಸಣ್ಣ ತಂತಿಗಳಿಂದ ಬಿಗಿದಿದ್ದಾರೆ. ಆಮೇಲೆ ಮೇಲುಗಡೆ ಆರೋಗ್ಯವಾಗಿರುವ ಮೂಳೆಯನ್ನು ಒಂದು ಕಡೆ ಕತ್ತರಿಸಿದ್ದಾರೆ. ಒಂದು ವಾರ ಬಿಟ್ಟು, ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ ಕೆಳಗೆ ಸರಿಸಬೇಕು. ಒಂದೇ ಸಲಕ್ಕಲ್ಲ, ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ತುಂಡು ಸರಿದಂತೆ ಅದರ ಹಿಂದೆ ಹೊಸ ಮೂಳೆ ಹುಟ್ಟುತ್ತದೆ. ನಟ್ಟು ತಿರುಗಿಸುವುದು ತಮ್ಮನೇ, ಗ್ಯಾರೇಜಿನಲ್ಲಿ ಬಳಸುವಂಥದೇ 10ನೇ ನಂಬರ್ ಸ್ಪ್ಯಾನರ್ ಹಿಡಿದು. ಅವನು ಮೆಕ್ಯಾನಿಕ್, ಅದೊಂದು ಸುಲಭವಾಯಿತು. ನೋವು ಸುಲಭವಲ್ಲ.

ಇಲ್ಲಿ ಕಾಲಿನ ಉದ್ದ ಒಂದು ಕೂದಲಿನಷ್ಟೂ ಜಾಸ್ತಿ ಆಗುವುದಿಲ್ಲ. ಹೊರಗಿನ ರಿಂಗುಗಳು ಕಾಲನ್ನು ಮೊದಲಿದ್ದ ಉದ್ದದಲ್ಲೇ ಹಿಡಿದಿವೆ, ಒಳಗಿನ ತುಂಡು ಮಾತ್ರ ಸರಿಯುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಡಿಸ್ಟ್ರಾಕ್ಷನ್', ಅಂದರೆ ಕತ್ತರಿಸಿದ ಮೂಳೆಯನ್ನು ನಿಧಾನವಾಗಿ ಎಳೆದು ದೂರ ಸರಿಸುವುದು, ಅಂತ ಇದೆ ನಿಜ. ಎತ್ತರ ಹೆಚ್ಚಿಸುವ ಆಪರೇಷನ್ನಿನ ಕಾಗದದಲ್ಲೂ ಅದೇ ಇರುತ್ತದೆ. ಆದರೆ ಅದರ ಪಕ್ಕದಲ್ಲೇ 'ಬೋನ್ ಟ್ರಾನ್ಸ್‌ಪೋರ್ಟ್' (ಮೂಳೆಯ ತುಂಡನ್ನು ಸಂದಿನತ್ತ ಸರಿಸುವುದು) ಅಂತಲೂ, 'ಅಪಘಾತದ ನಂತರದ ಮೂಳೆ ನಷ್ಟ' ಅಂತಲೂ ಬರೆದಿದೆಯಲ್ಲ, ಅದನ್ನು ಯಾಕೆ ಬಿಟ್ಟಿರಿ?

ನಿಮ್ಮ ಪಾಲಿಸಿ ಪುಸ್ತಕವನ್ನೇ ತೆಗೆದು ನೋಡಿ. ಸೌಂದರ್ಯ ಚಿಕಿತ್ಸೆಗೆ ಹಣವಿಲ್ಲ ಎನ್ನುವ ಷರತ್ತು 'ಎಕ್ಸ್‌ಕ್ಲೂಷನ್ 08'. ಅದೇ ಷರತ್ತಿನೊಳಗೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಇದೆ. ಅರ್ಧ ವಾಕ್ಯ ಓದಿ ಕ್ಲೇಮ್ ಮುಚ್ಚಿದರೆ ಹೇಗೆ?

ರಿಂಗುಗಳ ಬಿಲ್ಲನ್ನು ವಾಕರ್, ಬೆಲ್ಟಿನ ಜೊತೆ ಸೇರಿಸಿ 'ಹೊರಗಿನ ಸಾಧನ' ಅಂತ ಬೇರೆ ಹೊಡೆದುಹಾಕಿದ್ದೀರಿ. ವಾಕರಿನ ದುಡ್ಡು ನಾವು ಕೇಳೇ ಇಲ್ಲ. ರಿಂಗನ್ನು ಅರಿವಳಿಕೆ ಕೊಟ್ಟು, ಆಪರೇಷನ್ ಥಿಯೇಟರಿನಲ್ಲಿ, ಮೂಳೆಗೆ ತಂತಿ ಹಾಯಿಸಿ ಕೂರಿಸಿದ್ದು. ಮೆಡಿಕಲ್ ಶಾಪಿನಲ್ಲಿ ಕೊಂಡು ಮನೆಯಲ್ಲಿ ಕಟ್ಟಿಕೊಳ್ಳುವ ವಸ್ತುವೇ ಅದು?

ಮೂಳೆಯೊಳಗೆ ರಾಡ್ ಹಾಕಿ ಒಂದೇ ಸಲಕ್ಕೆ ಮುಗಿಸಬಹುದಿತ್ತಲ್ಲ ಅಂತ ನಿಮ್ಮ ಫೋನ್ ಸಿಬ್ಬಂದಿ ಕೇಳಿದರು. ಸೋಂಕಿನ ಭಯವಿರುವ ತೆರೆದ ಗಾಯದಲ್ಲಿ, 6 ಸೆಂಟಿಮೀಟರ್ ಖಾಲಿ ಇರುವಾಗ ರಾಡ್ ಯಾವ ಮೂಳೆಯನ್ನು ಕೂಡಿಸುತ್ತದೆ? ಇನ್ನೊಂದು ದಾರಿಯೂ ಇದೆ. ಮಸ್ಕಲೆ ವಿಧಾನದಲ್ಲಿ ಸಂದಿಗೆ ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ತುಂಬಿ, ಸುತ್ತ ಪೊರೆ ಬೆಳೆಯುವವರೆಗೆ ಆರರಿಂದ ಎಂಟು ವಾರ ಕಾದು, ಸಿಮೆಂಟ್ ತೆಗೆದು ಸೊಂಟದ ಮೂಳೆಯ ಚೂರು ಹಾಕುತ್ತಾರೆ. ಅದಕ್ಕೂ ಎರಡು ಆಪರೇಷನ್ ಬೇಕು. ಅದೇ ಸಿಬ್ಬಂದಿ ಇದು ಹೊಸ ಪ್ರಯೋಗ ಎಂದೂ ಅಂದರು. ಗವ್ರಿಲ್ ಇಲಿಜಾರೋವ್ ಎಂಬ ವೈದ್ಯರು ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಈ ರಿಂಗುಗಳನ್ನು ಬಳಸತೊಡಗಿದ್ದು 1950ರ ದಶಕದಲ್ಲಿ. ನಮ್ಮಪ್ಪನಿಗಿಂತ ಹಳೆಯ ಪ್ರಯೋಗ ಅದು.

ಇನ್ನೊಂದು ಮಾತು. ಅವತ್ತೇ ಕಾಲು ಕತ್ತರಿಸಿದ್ದರೆ ನೀವು ಬಿಲ್ ಕೊಡುತ್ತಿದ್ದಿರಿ, ಅಲ್ವಾ? ಕಾಲು ಉಳಿಸಿದ್ದಕ್ಕೆ ಕೊಡುವುದಿಲ್ಲ ಅನ್ನುತ್ತಿದ್ದೀರಿ.

ಆದ್ದರಿಂದ ಕ್ಲೇಮನ್ನು ಮತ್ತೆ ತೆರೆದು, ರಿಂಗುಗಳ ಬಿಲ್ಲೂ ಸೇರಿ ಪೂರ್ತಿ ಮೊತ್ತ ಕೊಡಿ. ಆಗುವುದಿಲ್ಲ ಅನ್ನುವುದಾದರೆ ಯಾವ ಷರತ್ತಿನ ಯಾವ ಸಾಲಿನ ಪ್ರಕಾರ ಅಂತ ಬರೆದು ತಿಳಿಸಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಸಂಸ್ಥೆಯ 2024ರ ಸುತ್ತೋಲೆ ಪ್ರಕಾರ ಕ್ಲೇಮ್ ತಿರಸ್ಕರಿಸಲು ನಿಮ್ಮ ಕ್ಲೇಮ್ಸ್ ರಿವ್ಯೂ ಕಮಿಟಿಯ ಒಪ್ಪಿಗೆ ಬೇಕು. ಅದು ಇತ್ತೇ? ಇದ್ದರೆ ಪ್ರತಿ ಕಳಿಸಿ. ಮೂಳೆ ಎಸೆದ ಹಾಗೆ ಉತ್ತರ ಬೇಡ.

ಇದು ಇಲ್ಲಿಗೇ ಮುಗಿಯುವುದೂ ಇಲ್ಲ. ತುಂಡು ಕೆಳಗಿನ ಮೂಳೆಗೆ ತಾಗಿದ ಮೇಲೆ ಅಲ್ಲಿ ಕೂಡಿಕೊಳ್ಳಲು ಸೊಂಟದ ಮೂಳೆಯ ಚೂರು ಹಾಕಬೇಕಾಗಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಹೊಸ ಮೂಳೆ ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕು, ಆಮೇಲೆ ರಿಂಗು ತೆಗೆಯುವುದು. ಅವೆರಡಕ್ಕೂ ಮುಂಚಿತ ಅನುಮತಿಯ ಅರ್ಜಿ ಈ ಪತ್ರದ ಜೊತೆಗಿದೆ. ಆಗ ಮತ್ತೆ ಸೌಂದರ್ಯದ ಮಾತು ಬರಬಾರದು.

ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಎಕ್ಸ್‌ರೇಗಳು, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಡಾಕ್ಟರ ಪತ್ರ, ಪೊಲೀಸ್ ಎಫ್‌ಐಆರ್ ಪ್ರತಿ ಎಲ್ಲವನ್ನೂ ಲಗತ್ತಿಸಿದ್ದೇನೆ.

ಇಂತಿ,
ಪಾಲಿಸಿದಾರ