ಜೀಪಿನ ಕೆಳಗೆ ಒಬ್ಬನೇ ಮಲಗಬೇಡ

ಮಂಡ್ಯ

ಚಿ. ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮನೆ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದು ಬೇಡ. ನಿನ್ನ ಹಳೇ ಜೀಪಿಗೆ ದೊಡ್ಡ ಟಯರು, ಪವರ್ ಸ್ಟೀರಿಂಗು, ಡಿಸ್ಕ್ ಬ್ರೇಕು ಹಾಕಿಸಬೇಕು ಅಂತ ಪುಟಗಟ್ಟಲೆ ಬರೆದಿದ್ದೀಯ. ಅದರ ನಡುವೆ ಒಂದು ಮಾತು ಸೇರಿಸಿದ್ದೀಯಲ್ಲ, ನಾನು ಮತ್ತೆ ಮತ್ತೆ ಓದಿದ್ದು ಅದೊಂದನ್ನೇ. ಶಾಫ್ಟಿನ ಕೀಲಿನಲ್ಲಿರೋ ಕ್ರಾಸ್ ಬದಲಾಯಿಸೋಕೆ ರಾತ್ರಿ ಒಬ್ಬನೇ ಕೆಳಗೆ ಮಲಗಿದ್ದೆ, ಜೀಪು ಗೇಟಿನ ಕಡೆ ಅರ್ಧ ಗೇಣು ಸರಿಯಿತು, ಹ್ಯಾಂಡ್ ಬ್ರೇಕ್ ಹಾಕಿದ್ದೆ, ಆದರೂ ಯಾಕೋ ಗೊತ್ತಾಗಲಿಲ್ಲ, ಏನೂ ಆಗಲಿಲ್ಲ ಬಿಡಿ ಅಂತ.

ಬಿಡಿ ಅಂದರೆ ಬಿಡೋ ಮಾತಾ ಅದು? ನಿಮ್ಮ ದೊಡ್ಡಮ್ಮನಿಗೆ ಆ ಸಾಲು ಓದಿ ಹೇಳಲಿಲ್ಲ. ಹೇಳಿದ್ದರೆ ಆಗಲೇ ಮೈಸೂರಿನ ಬಸ್ಸು ಹತ್ತಿರುತ್ತಿದ್ದಳು.

ಯಾಕೆ ಸರಿಯಿತು ಅಂತ ನನಗೆ ಗೊತ್ತು, ಕೇಳು. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದರು. ನಿನ್ನ ಸಿಜೆ ಮಾದರಿ ಜೀಪೂ ಅದೇ ವಂಶದ್ದು. ಅದರ ಹ್ಯಾಂಡ್ ಬ್ರೇಕು ಕಾರಿನ ಹಾಗೆ ಹಿಂದಿನ ಚಕ್ರ ಹಿಡಿಯೋದಿಲ್ಲ. ಟ್ರಾನ್ಸ್‌ಫರ್ ಕೇಸಿನ, ಅಂದರೆ ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ, ಹಿಂಭಾಗದಲ್ಲಿ ಒಂದು ಸಣ್ಣ ಡ್ರಮ್ ಇದೆ ನೋಡು, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ. ಹ್ಯಾಂಡ್ ಬ್ರೇಕು ಹಿಡಿಯೋದು ಅದನ್ನ, ಅಂದರೆ ಶಾಫ್ಟನ್ನ. ನಾಲ್ಕೂ ಚಕ್ರ ನೆಲದ ಮೇಲಿರುವಾಗ ಅದು ಗಟ್ಟಿ. ಹಿಂದಿನ ಒಂದು ಚಕ್ರ ಎತ್ತಿದೆಯೋ, ಕಥೆ ಮುಗೀತು. ಹಿಂದಿನ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೇರಿನ ಒಳಗೆ ಒಂದು ಚಕ್ರ ಮುಂದಕ್ಕೆ ತಿರುಗಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ, ಶಾಫ್ಟ್ ನಿಂತಲ್ಲೇ ನಿಂತಿರುತ್ತದೆ. ನೆಲದ ಮೇಲಿನ ಚಕ್ರ ಆರಾಮಾಗಿ ಉರುಳುತ್ತದೆ. ಗೇರಿನಲ್ಲಿ ಬಿಟ್ಟಿದ್ದರೂ ಅಷ್ಟೇ.

ಎತ್ತಿದ ಚಕ್ರವನ್ನು ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು ಅಂತ ಬೇರೆ ಬರೆದಿದ್ದೀಯ. ಗಟ್ಟಿಯಾಗೇ ಇರುತ್ತದೆ ಮಗಾ, ಇನ್ನೊಂದು ಚಕ್ರವನ್ನು ನೆಲ ಹಿಡಿದುಕೊಂಡಿರುತ್ತದಲ್ಲ. ಆ ಗಟ್ಟಿತನ ನಂಬಿಯೇ ಜನ ಕೆಳಗೆ ನುಗ್ಗುತ್ತಾರೆ. ಸಾಲದ್ದಕ್ಕೆ ನೀನು ಬಿಚ್ಚುತ್ತಿದ್ದದ್ದು ಆ ಶಾಫ್ಟನ್ನೇ. ಅದು ಬಿಚ್ಚಿದ ಮೇಲೆ ಹಿಂದಿನ ಚಕ್ರಕ್ಕೂ ಹ್ಯಾಂಡ್ ಬ್ರೇಕಿಗೂ ಸಂಬಂಧವೇ ಇಲ್ಲ. ನಿಮ್ಮ ಮನೆ ಮುಂದಿನ ಇಳಿಜಾರು ನಾನು ನೋಡಿಲ್ಲವಾ? ಮಳೆ ನೀರು ಗೇಟಿನವರೆಗೆ ಒಂದೇ ಓಟ ಓಡುತ್ತದೆ.

ಅರ್ಧ ಗೇಣಿಗೆ ಯಾಕೆ ನಿಂತಿತು ಅನ್ನೋದೇ ನನ್ನ ಭಯ. ನಿಲ್ಲಬೇಕಾದ ಕಾರಣ ಏನೂ ಇರಲಿಲ್ಲ.

ನಾನು ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಜೀಪು ಓಡಿಸುತ್ತಿದ್ದ ಕಾಲ. ಆಗ ರಿಪೇರಿಗೆ ಒಂದು ಶೆಡ್ಡಿಗೆ ಬಿಡುತ್ತಿದ್ದೆವು. ಅಲ್ಲೊಬ್ಬ ಹುಡುಗ ಇದ್ದ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಹಿಂದಿನ ದಿನ ಮಳೆ ಬಿದ್ದಿತ್ತು. ಜಾಕಿನ ಅಡಿಗೆ ಹಲಗೆ ಕೊಡದೆ ಬರೀ ಮಣ್ಣಿನ ಮೇಲೆ ಇಟ್ಟಿದ್ದರು. ಅವನು ಪಟ್ಟಿ ಸ್ಪ್ರಿಂಗಿನ ಯು ಬೋಲ್ಟ್ ಬಿಗಿಯುತ್ತಿದ್ದ, ನಾನು ಕಂಬಕ್ಕೆ ಒರಗಿಕೊಂಡು ಟೀ ಕುಡಿಯುತ್ತಿದ್ದೆ. ಧಡ್ ಅಂತ ಸದ್ದಾಗುತ್ತದೆ ಅಂತ ನೀನು ಅಂದುಕೊಂಡಿರುತ್ತೀಯ. ಸದ್ದೇ ಆಗಲಿಲ್ಲ. ಜಾಕಿನ ಒಂದು ಮೂಲೆ ಮೆಲ್ಲಗೆ ಮಣ್ಣಿಗೆ ಇಳಿಯಿತು, ಜೀಪು ವಾಲಿತು, ಸ್ಪ್ಯಾನರಿನ ಸದ್ದು ನಿಂತಿತು. ನಾಲ್ಕೈದು ಜನ ಬಂಪರ್ ಹಿಡಿದು ಎತ್ತಿದೆವು, ಒಬ್ಬ ಕಾಲು ಹಿಡಿದು ಎಳೆದ. ಟನ್ನಿಗೂ ಮೇಲಿನ ಗಾಡಿ ಅದು. ರಾತ್ರಿ ನಿನ್ನ ಮನೆ ಮುಂದೆ ಎತ್ತೋರು ಯಾರು? ನಿಮ್ಮಮ್ಮನಾ?

ಹುಡುಗ ಬದುಕಿದ. ಸೊಂಟ ಮಾತ್ರ ಸರಿಹೋಗಲಿಲ್ಲ. ಅವನ ಊರು ನಾನು ಓಡಾಡುವ ದಾರಿಯಲ್ಲೇ ಇತ್ತು. ಅರಳಿಕಟ್ಟೆ ಮೇಲೆ ಕೋಲು ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಜೀಪಿನ ಸದ್ದು ಕೇಳಿದರೆ ತಲೆ ಎತ್ತಿ ನೋಡುತ್ತಿದ್ದ. ನಾನು ಹಾರನ್ ಹೊಡೆದು ಕೈ ಬೀಸಿ ಹೋಗಿಬಿಡುತ್ತಿದ್ದೆ. ಇಳಿದು ಏನಪ್ಪಾ ಹೇಗಿದ್ದೀಯ ಅಂತ ಕೇಳೋಕೆ ಏನಾಗಿತ್ತು ನನಗೆ? ಈಗ ಅವನ ಅಣ್ಣನ ಮಕ್ಕಳು ಆ ಊರಿನಲ್ಲಿದ್ದಾರಂತೆ. ಹೋಗಿ ಏನು ಹೇಳಲಿ? ಇರಲಿ, ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ನೀನು ಕೇಳಿದ್ದು ಟಯರಿನ ವಿಚಾರ. ನಾನು ಓಡಿಸಿದವನೇ ಹೊರತು ಮೆಕ್ಯಾನಿಕ್ ಅಲ್ಲ, ನನ್ನ ಮಾತು ಒಂದು ತೂಕ ಕಡಿಮೆ ಮಾಡಿಯೇ ತಗೋ. ಆ ಜೀಪಿಗೆ ಕಂಪನಿ ಕೊಟ್ಟಿದ್ದು 6.00-16 ಅಳತೆಯ ಟಯರು. ಅದಕ್ಕಿಂತ ತುಂಬಾ ದೊಡ್ಡದು ಹಾಕಿದರೆ ಸ್ಟೀರಿಂಗ್ ಭಾರ ಆಗುತ್ತದೆ, ಈ ಡ್ರಮ್ ಬ್ರೇಕಿಗೆ ನಿಲ್ಲಿಸೋದು ಇನ್ನೂ ಕಷ್ಟ. ಸ್ಟೀರಿಂಗ್ ಭಾರ ಅಂತ ಪವರ್ ಸ್ಟೀರಿಂಗ್ ಹಾಕಿಸೋ ಮೊದಲು ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ಹೊರಳೋ ಕಡೆಯ ಕಿಂಗ್ ಪಿನ್ ಬೇರಿಂಗ್ ನೋಡು, ಗ್ರೀಸ್ ಹೊಡಿ, ಗಾಳಿ ನೋಡು. ಅರ್ಧ ಭಾರ ಅಲ್ಲೇ ಇಳಿದರೂ ಇಳಿಯಬಹುದು. ದುಡ್ಡು ಹಾಕಲೇಬೇಕು ಅನ್ನಿಸಿದರೆ ಬ್ರೇಕಿಗೆ ಹಾಕು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳೋ ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಎಲ್ಲೋ ಒಂದು ಕಡೆ ಪೈಪು ಸೋರಿದರೆ ನಾಲ್ಕೂ ಹೋಯಿತು. ಮುಂದಕ್ಕೊಂದು ಹಿಂದಕ್ಕೊಂದು ದಾರಿ ಇರುವ ಸಿಲಿಂಡರು ಹಾಕಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ವಿಚಾರಿಸು. ಆದರೆ ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಮಾಡೋ ಮುಂಚೆ ಆರ್‌ಟಿಓದಲ್ಲಿ ಕೇಳಿಕೋ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹದಿನೈದು ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸೋಕೆ ಅವರ ಮುಂದೆಯೇ ನಿಲ್ಲಿಸಬೇಕು.

ಮತ್ತೆ ಜಾಕಿಗೇ ಬರುತ್ತೇನೆ, ಬೇಜಾರು ಮಾಡಿಕೋಬೇಡ. ಜಾಕು ಎತ್ತೋಕೆ ಮಾತ್ರ. ಹೈಡ್ರಾಲಿಕ್ ಜಾಕಿನ ಸೀಲು ಹೋಗಿದ್ದರೆ ನಿನಗೆ ಗೊತ್ತಾಗದ ಹಾಗೆ ಇಳಿಯುತ್ತಿರುತ್ತದೆ. ಎತ್ತಿದ ಗಾಡಿಯ ಭಾರ ಹೊರೋ ಒಂದು ಜೊತೆ ಸ್ಟ್ಯಾಂಡ್ ತಗೋ, ಮೂರು ಟನ್ನಿಂದು, ಆಕ್ಸೆಲ್ ಅಡಿಗೆ ಕೊಡು. ಅದು ಬರೋವರೆಗೆ ಹಾಲೋ ಬ್ಲಾಕ್ ಕೊಡುತ್ತೇನೆ ಅನ್ನಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ. ಬಿಚ್ಚಿದ ಚಕ್ರವನ್ನು ಚಾಸಿ ಅಡಿಗೆ ಅಡ್ಡ ಮಲಗಿಸು. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡು. ಫೋರ್ ವೀಲ್ ಹಾಕಿ ಬಿಟ್ಟರೆ ಹ್ಯಾಂಡ್ ಬ್ರೇಕಿನ ಹಿಡಿತ ಮುಂದಿನ ಚಕ್ರಕ್ಕೂ ಹೋಗುತ್ತದೆ, ಮುಂದಿನ ಚಕ್ರವನ್ನು ಆಕ್ಸೆಲಿಗೆ ಸೇರಿಸೋ ಹಬ್ ಲಾಕ್ ಆಗಿದ್ದರೆ. ಆದರೂ ಕಲ್ಲು ಬಿಡಬೇಡ. ಜೀಪು ಎತ್ತುವ ಮೊದಲೇ ಚಕ್ರದ ನಟ್ಟು ಸಡಿಲ ಮಾಡು. ಕೆಲವು ಹಳೇ ಜೀಪಿಗೆ ಎಡಗಡೆ ಚಕ್ರದ ನಟ್ಟು ಉಲ್ಟಾ ತಿರುಗುತ್ತವೆ. ಅದು ಗೊತ್ತಿಲ್ಲದೆ ಜಾಕ್ ಮೇಲಿಟ್ಟು ಒದ್ದಾಡಿದರೆ ಗಾಡಿಯೇ ಅಲ್ಲಾಡುತ್ತದೆ.

ಆಯುಧಪೂಜೆ ದಿನ ಆ ಜಾಕಿಗೂ ಕುಂಕುಮ ಇಟ್ಟಿದ್ದೆಯಲ್ಲ, ಫೋಟೋ ಕಳಿಸಿದ್ದೆ. ಚಾಮುಂಡಿ ತಾಯಿ ಕಾಪಾಡಿದಳು ಅಂತಲೇ ಇಟ್ಟುಕೊಳ್ಳೋಣ. ಆದರೆ ಕಲ್ಲು ಕೊಡೋ ಕೆಲಸ ನಿನ್ನದು.

ಬಿಚ್ಚಿದ ಶಾಫ್ಟು ಹಾಗೇ ಇದೆ ಅಂತ ಬರೆದಿದ್ದೀಯ. ಹಾಗೇ ಇರಲಿ. ಮುಂದಿನ ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ಕೆಳಗೆ ನುಗ್ಗೋಕೆ ನನ್ನಿಂದ ಆಗೋದಿಲ್ಲ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಅಷ್ಟರಲ್ಲಿ ಸ್ಟ್ಯಾಂಡ್ ತಂದಿಟ್ಟಿರು. ದುಡ್ಡು ಕಮ್ಮಿ ಬಿದ್ದರೆ ಹೇಳು, ನಿಮ್ಮಪ್ಪನಿಗೆ ಹೇಳೋದು ಬೇಡ.

ನಿನ್ನ ದೊಡ್ಡಪ್ಪ